ಬೈಪಾಸ್ ಶಸ್ತ್ರಚಿಕಿತ್ಸೆಗಳ ಆಯ್ಕೆ: ಪಿತ್ತರಸ ಊಟವನ್ನು ಎಲ್ಲಿ ಸೇರುತ್ತದೆ ಎಂಬುದನ್ನು ಮೊದಲು ನೋಡಿ

ಸ್ಥೂಲಕಾಯಕ್ಕಾಗಿ ಅಥವಾ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಗಾಗಿ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸಲು ಹೋದವರಿಗೆ ಇಂದು ಸ್ಲೀವ್, ರೂ-ಎನ್-ವೈ ಗ್ಯಾಸ್ಟ್ರಿಕ್ ಬೈಪಾಸ್, ಮಿನಿ ಬೈಪಾಸ್, ಡುಯೊಡಿನಲ್ ಸ್ವಿಚ್, ಸ್ಯಾಡಿ ಎಂಬ ಹೆಸರುಗಳು ಒಂದರ ಹಿಂದೊಂದು ಕೇಳಿಬರುತ್ತವೆ. ಇವುಗಳಲ್ಲಿ ಒಂದನ್ನು ಆರಿಸುವಾಗ ಬಹುತೇಕರು ಎಷ್ಟು ಕಿಲೊ ಇಳಿಯುತ್ತದೆ ಎಂದು ಕೇಳುತ್ತಾರೆ, ಮತ್ತು ಆ ಪ್ರಶ್ನೆ ಸಹಜವಾದದ್ದೇ. ಆದರೆ ಶಸ್ತ್ರಚಿಕಿತ್ಸೆಯ ನಂತರ ಬದುಕಬೇಕಾದ ಇಪ್ಪತ್ತು, ಮೂವತ್ತು ವರ್ಷಗಳ ಜೀರ್ಣಕ್ರಿಯೆಯನ್ನು ನಿರ್ಧರಿಸುವ ಸಂಗತಿಗಳು ಬೇರೆ: ತಿಂದ ಊಟವೂ ಪಿತ್ತರಸವೂ ಕರುಳಿನಲ್ಲಿ ಎಲ್ಲಿ ಒಂದನ್ನೊಂದು ಸೇರುತ್ತವೆ, ಮತ್ತು ಸೇರಿದ ಮೇಲೆ ಅವು ಒಟ್ಟಾಗಿ ಸಾಗಲು ಎಷ್ಟು ಉದ್ದದ ಕರುಳು ಉಳಿದಿರುತ್ತದೆ. ಈ ಬರಹ ಮೇಲಿನ ಆಯ್ಕೆಗಳನ್ನು ಆ ಎರಡು ಸಂಗತಿಗಳ ಮೂಲಕವೇ ಹೋಲಿಸುತ್ತದೆ.

ಪಿತ್ತಾಮ್ಲಗಳು ಸುತ್ತುವ ದಾರಿ

ಯಕೃತ್ತು ಕೊಲೆಸ್ಟ್ರಾಲಿನಿಂದ ಕೋಲಿಕ್ ಮತ್ತು ಕೀನೊಡಿಆಕ್ಸಿಕೋಲಿಕ್ ಎಂಬ ಎರಡು ಮುಖ್ಯ ಪಿತ್ತಾಮ್ಲಗಳನ್ನು ತಯಾರಿಸಿ, ಅವಕ್ಕೆ ಗ್ಲೈಸಿನ್ ಅಥವಾ ಟಾರಿನ್ ಜೋಡಿಸಿ ಪಿತ್ತರಸಕ್ಕೆ ಬಿಡುತ್ತದೆ. ಕೊಬ್ಬಿರುವ ಆಹಾರ ಸಣ್ಣ ಕರುಳಿನ ಮೊದಲ ಭಾಗವಾದ ಡುಯೊಡಿನಂ ತಲುಪಿದಾಗ ಪಿತ್ತಕೋಶ ಸಂಕುಚಿಸಿ ಆ ರಸವನ್ನು ಸುರಿಸುತ್ತದೆ, ಅದೇ ಜಾಗಕ್ಕೆ ಮೇದೋಜೀರಕ ಗ್ರಂಥಿಯ ಕಿಣ್ವಗಳೂ ಬಂದು ಸೇರುತ್ತವೆ. ಎಣ್ಣೆಸ್ನಾನದಲ್ಲಿ ಸೀಗೆಪುಡಿ ಮೈಯ ಎಣ್ಣೆಯನ್ನು ಬಿಡಿಸಿ ನೀರಿನೊಂದಿಗೆ ಹರಿದುಹೋಗುವಂತೆ ಮಾಡುವ ಹಾಗೆ, ಪಿತ್ತಾಮ್ಲಗಳು ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತವೆ. ಕಿಣ್ವಗಳು ಆ ಹನಿಗಳನ್ನು ಕತ್ತರಿಸಿದ ಮೇಲೆ ಉಂಟಾಗುವ ಕೊಬ್ಬಿನಾಮ್ಲಗಳನ್ನೂ ಅವುಗಳ ಜೊತೆಗೆ ಎ, ಡಿ, ಇ, ಕೆ ವಿಟಮಿನ್‌ಗಳನ್ನೂ ಕರುಳಿನ ಗೋಡೆಯವರೆಗೆ ಕೊಂಡೊಯ್ಯುತ್ತವೆ. ಪಿತ್ತಾಮ್ಲವೂ ಕಿಣ್ವವೂ ಊಟವೂ ಒಂದೇ ಕಡೆ ಸಾಕಷ್ಟು ಹೊತ್ತು ಇರದಿದ್ದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ದೇಹದಲ್ಲಿರುವ ಒಟ್ಟು ಪಿತ್ತಾಮ್ಲ ಸುಮಾರು 3 ಗ್ರಾಂ ಮಾತ್ರ. ಇಷ್ಟು ಕಡಿಮೆ ಪ್ರಮಾಣದಿಂದ ದಿನದ ಊಟವೆಲ್ಲ ಜೀರ್ಣವಾಗಲು ಕಾರಣ, ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಂ ಅದರಲ್ಲಿ ಸುಮಾರು 95 ಪ್ರತಿಶತವನ್ನು ಹೀರಿಕೊಂಡು ಯಕೃತ್ತಿಗೆ ಹಿಂತಿರುಗಿಸುತ್ತದೆ, ಮತ್ತು ಆ ಪಿತ್ತಾಮ್ಲಗಳು ದಿನಕ್ಕೆ ಹಲವು ಬಾರಿ ಹೀಗೆ ಸುತ್ತುತ್ತವೆ. ಮಲದಲ್ಲಿ ಹೋಗುವ ಸುಮಾರು ಅರ್ಧ ಗ್ರಾಂನಷ್ಟನ್ನು ಮಾತ್ರ ಯಕೃತ್ತು ಹೊಸದಾಗಿ ತಯಾರಿಸಬೇಕಾಗುತ್ತದೆ. ಇಲಿಯಂನ ಕೋಶಗಳು ಪಿತ್ತಾಮ್ಲವನ್ನು ಹೀರುವಾಗ ಎಫ್‌ಜಿಎಫ್19 ಎಂಬ ಸಂದೇಶವಾಹಕವನ್ನು ರಕ್ತಕ್ಕೆ ಬಿಟ್ಟು, ತಯಾರಿಕೆ ಸಾಕೆಂದು ಯಕೃತ್ತಿಗೆ ತಿಳಿಸುತ್ತವೆ. ಅದೇ ಭಾಗದಲ್ಲಿರುವ ಎಲ್ ಕೋಶಗಳು ಪಿತ್ತಾಮ್ಲದ ಸಂಪರ್ಕದಿಂದ ಪ್ರಚೋದನೆಗೊಂಡು ಜಿಎಲ್‌ಪಿ-1 ಹಾರ್ಮೋನನ್ನು ಸ್ರವಿಸುತ್ತವೆ. ಅದು ಹಸಿವನ್ನು ತಗ್ಗಿಸುತ್ತದೆ ಮತ್ತು ಇನ್ಸುಲಿನ್ ಸ್ರವಿಕೆಗೆ ನೆರವಾಗುತ್ತದೆ. ಹಾಗಾಗಿ ಕರುಳಿನ ದಾರಿಯನ್ನು ಬದಲಿಸುವ ಯಾವುದೇ ಶಸ್ತ್ರಚಿಕಿತ್ಸೆ ಕೊಬ್ಬಿನ ಜೀರ್ಣವನ್ನಷ್ಟೇ ಅಲ್ಲ, ಈ ಸಂದೇಶಗಳನ್ನೂ ಬದಲಿಸುತ್ತದೆ.

ಕೈಬಿಟ್ಟ ಎರಡು ಶಸ್ತ್ರಚಿಕಿತ್ಸೆಗಳು ಕಲಿಸಿದ್ದು

ಇಂದಿನ ಆಯ್ಕೆಗಳನ್ನು ಅರ್ಥಮಾಡಿಕೊಳ್ಳಲು ಹಳೆಯ ಎರಡು ವಿಧಾನಗಳನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಅವು ಪಿತ್ತಾಮ್ಲದ ದಾರಿ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಮನುಷ್ಯರಲ್ಲಿಯೇ ತೋರಿಸಿಕೊಟ್ಟಿವೆ. ಮೊದಲನೆಯದು ಜೆಜುನೊ-ಇಲಿಯಲ್ ಬೈಪಾಸ್. 1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಕ್ರೆಮೆನ್ ಮತ್ತು ಸಂಗಡಿಗರು ಇದನ್ನು ವರದಿ ಮಾಡಿದರು. 1960ರ ದಶಕದ ಕೊನೆಯಲ್ಲಿ ಪೇನ್ ಮತ್ತು ಡಿವಿಂಡ್ ಸಣ್ಣ ಕರುಳಿನ ನಡುವಿನ ಭಾಗವಾದ ಜೆಜುನಂನ ಮೊದಲ 14 ಇಂಚನ್ನು ಇಲಿಯಂನ ಕೊನೆಯ 4 ಇಂಚಿಗೆ ಜೋಡಿಸುವ ಕ್ರಮವನ್ನು ಬಳಕೆಗೆ ತಂದರು. ಜಠರವನ್ನು ಮುಟ್ಟದೆ, ಸಣ್ಣ ಕರುಳಿನ ಬಹುಭಾಗವನ್ನು ದಾರಿಯಿಂದ ಹೊರಗಿಡುವ ವಿಧಾನ ಅದು. ತೂಕ ಇಳಿಯಿತು. ಆದರೆ ಪಿತ್ತಾಮ್ಲವನ್ನು ಮರಳಿ ಹೀರಲು ಬೇಕಾದ ಇಲಿಯಂ ಕೇವಲ ನಾಲ್ಕು ಇಂಚು ಉಳಿದಿದ್ದರಿಂದ ಪಿತ್ತಾಮ್ಲ ದೊಡ್ಡ ಕರುಳಿಗೆ ಸುರಿದು ತೀವ್ರ ಭೇದಿಯಾಯಿತು, ಕೊಬ್ಬು ಜೀರ್ಣವಾಗದೆ ಉಳಿಯಿತು, ಆಕ್ಸಲೇಟ್ ಕಲ್ಲುಗಳು ಮೂತ್ರಪಿಂಡವನ್ನು ಕೆಡಿಸಿದವು. ಹೊರಗುಳಿದ ಉದ್ದನೆಯ ಕರುಳಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೀಲುನೋವು ಉಂಟಾಯಿತು, ಕೆಲವರಲ್ಲಿ ಯಕೃತ್ತು ವಿಫಲವಾಯಿತು. ಅನೇಕರಲ್ಲಿ ಎರಡನೆಯ ಶಸ್ತ್ರಚಿಕಿತ್ಸೆಯಿಂದ ಕರುಳನ್ನು ಮತ್ತೆ ಮೊದಲಿನಂತೆ ಜೋಡಿಸಬೇಕಾಯಿತು, ಮತ್ತು 1980ರ ಹೊತ್ತಿಗೆ ಈ ವಿಧಾನ ಬಳಕೆಯಿಂದ ಮರೆಯಾಗತೊಡಗಿತು.

ಎರಡನೆಯದು ಪಾರ್ಶಿಯಲ್ ಇಲಿಯಲ್ ಬೈಪಾಸ್. ಇದು ತೂಕಕ್ಕಾಗಿ ಮಾಡಿದ್ದಲ್ಲ, ಕೊಲೆಸ್ಟ್ರಾಲಿಗಾಗಿ ಮಾಡಿದ್ದು. ಮಿನೆಸೋಟದ ಹೆನ್ರಿ ಬುಕ್ವಾಲ್ಡ್ 1963ರಲ್ಲಿ ಆರಂಭಿಸಿದ ಈ ವಿಧಾನದಲ್ಲಿ ಸಣ್ಣ ಕರುಳಿನ ಕೊನೆಯ 200 ಸೆಂಟಿಮೀಟರ್ ಅಥವಾ ಮೂರನೆಯ ಒಂದು ಭಾಗವನ್ನು ಬಿಟ್ಟು ಉಳಿದ ಕರುಳನ್ನು ದೊಡ್ಡ ಕರುಳಿಗೆ ಜೋಡಿಸಲಾಗುತ್ತಿತ್ತು. ಪಿತ್ತಾಮ್ಲ ಮಲದಲ್ಲಿ ಹೋದಷ್ಟೂ ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನು ಎಳೆದು ಹೊಸ ಪಿತ್ತಾಮ್ಲ ತಯಾರಿಸುತ್ತದೆ ಎಂಬುದೇ ಇದರ ತರ್ಕ. ಒಮ್ಮೆ ಹೃದಯಾಘಾತವಾದ 838 ಜನರನ್ನು ಒಳಗೊಂಡ ಪಾಶ್ ಅಧ್ಯಯನದ ಫಲಿತಾಂಶ 1990ರಲ್ಲಿ ಪ್ರಕಟವಾದಾಗ, ಐದನೆಯ ವರ್ಷದಲ್ಲಿ ಶಸ್ತ್ರಚಿಕಿತ್ಸೆ ಪಡೆದವರ ಎಲ್‌ಡಿಎಲ್ ಕೊಲೆಸ್ಟ್ರಾಲ್ ಉಳಿದವರಿಗಿಂತ 37.7 ಪ್ರತಿಶತ ಕಡಿಮೆಯಿತ್ತು. ಭೇದಿ, ಮೂತ್ರಪಿಂಡದ ಕಲ್ಲು ಮತ್ತು ಪಿತ್ತಕೋಶದ ಕಲ್ಲುಗಳು ಇದರ ಬೆಲೆಯಾಗಿದ್ದವು. ಅಷ್ಟರಲ್ಲಿ ಸ್ಟ್ಯಾಟಿನ್ ಮಾತ್ರೆಗಳು ಬಂದಿದ್ದರಿಂದ ಈ ಶಸ್ತ್ರಚಿಕಿತ್ಸೆಯ ಅಗತ್ಯ ಉಳಿಯಲಿಲ್ಲ. ಆದರೂ ಇಲಿಯಂ ತಪ್ಪಿಸಿದರೆ ರಕ್ತದ ಕೊಲೆಸ್ಟ್ರಾಲ್ ಇಳಿಯುತ್ತದೆ ಮತ್ತು ಕರುಳು ಅದಕ್ಕೆ ಕಷ್ಟಪಡುತ್ತದೆ ಎಂಬ ಎರಡು ಸತ್ಯಗಳನ್ನೂ ಅದು ಒಟ್ಟಿಗೆ ಸ್ಥಾಪಿಸಿತು.

ಇಂದಿನ ಆಯ್ಕೆಗಳು

ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ, ಕರುಳನ್ನು ಮುಟ್ಟುವುದಿಲ್ಲ. ಊಟ, ಪಿತ್ತರಸ, ಕಿಣ್ವ ಮೂರೂ ಹಿಂದಿನಂತೆಯೇ ಡುಯೊಡಿನಂನಲ್ಲಿ ಸೇರುವುದರಿಂದ ಕೊಬ್ಬಿನ ಜೀರ್ಣಕ್ಕೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಇದರ ಮುಖ್ಯ ದೋಷ ಎದೆಯುರಿ: ಮೊದಲೇ ಆಮ್ಲ ಮೇಲೇರುವ ತೊಂದರೆ ಇರುವವರಲ್ಲಿ ಅದು ಹೆಚ್ಚಬಹುದು, ಇಲ್ಲದವರಲ್ಲಿ ಹೊಸದಾಗಿ ಬರಬಹುದು. ಕತ್ತರಿಸಿದ ಜಠರವನ್ನು ಮತ್ತೆ ಜೋಡಿಸಲಾಗದು ಎಂಬುದೂ ನೆನಪಿರಬೇಕು.

ರೂ-ಎನ್-ವೈ ಬೈಪಾಸ್‌ನ ಮೂಲ 1960ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ರೂಪಿಸಿದ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿದೆ. ವೈ ಆಕಾರದ ಜೋಡಣೆ 1977ರಲ್ಲಿ ಸೇರಿತು. ಜಠರದ ಮೇಲ್ತುದಿಯಲ್ಲಿ ಒಂದು ಸಣ್ಣ ಚೀಲವನ್ನು ಮಾತ್ರ ಉಳಿಸಿ, ಅದಕ್ಕೆ ಕರುಳಿನ ಒಂದು ಕವಲನ್ನು ಜೋಡಿಸುತ್ತಾರೆ. ಊಟ ಈ ಕವಲಿನಲ್ಲಿ ಸಾಮಾನ್ಯವಾಗಿ 100ರಿಂದ 150 ಸೆಂಟಿಮೀಟರ್ ಇಳಿದ ಮೇಲೆ, ಇನ್ನೊಂದು ಕವಲಿನಿಂದ ಬರುವ ಪಿತ್ತರಸ ಮತ್ತು ಕಿಣ್ವಗಳನ್ನು ಸೇರುತ್ತದೆ. ಅಲ್ಲಿಂದ ಮುಂದಿನ ಕರುಳನ್ನು ಸಾಮಾನ್ಯ ನಾಳ ಎನ್ನಬಹುದು. ರೂ-ಎನ್-ವೈನಲ್ಲಿ ಇದು ಕೆಲವು ಮೀಟರ್ ಉದ್ದವಿರುವುದರಿಂದ ಕೊಬ್ಬಿನ ನಷ್ಟ ಮಿತವಾಗಿರುತ್ತದೆ. ವೈ ಆಕಾರದ ಇನ್ನೊಂದು ಪ್ರಯೋಜನವೆಂದರೆ ಪಿತ್ತರಸ ಜಠರದ ಚೀಲದಿಂದ ದೂರವೇ ಉಳಿಯುತ್ತದೆ. ಎದೆಯುರಿ ಇರುವವರಿಗೆ ಈ ಶಸ್ತ್ರಚಿಕಿತ್ಸೆ ಒಗ್ಗಲು ಇದೂ ಒಂದು ಕಾರಣ.

ಈ ಬೈಪಾಸ್ ಆದವರ ರಕ್ತದಲ್ಲಿ ಪಿತ್ತಾಮ್ಲದ ಮಟ್ಟವೂ ಎಫ್‌ಜಿಎಫ್19ರ ಮಟ್ಟವೂ ಏರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಇದೇ ಸಕ್ಕರೆ ಕಾಯಿಲೆ ಹತೋಟಿಗೆ ಬರಲು ಕಾರಣ ಎಂಬ ಮಾತು ಪ್ರಚಾರದಲ್ಲಿದೆ. ಅದನ್ನು ಪೂರ್ಣವಾಗಿ ಒಪ್ಪುವುದು ಅವಸರವಾಗುತ್ತದೆ ಎಂದು ನನ್ನ ಅಭಿಪ್ರಾಯ. ರಕ್ತದ ಸಕ್ಕರೆ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಇಳಿಯತೊಡಗುತ್ತದೆ, ಉಪವಾಸದ ಪಿತ್ತಾಮ್ಲದ ಏರಿಕೆಯಾದರೋ ತಿಂಗಳುಗಟ್ಟಲೆ ನಿಧಾನವಾಗಿ ಆಗುತ್ತದೆ. ಅದರ ಜೊತೆಗೆ, ಎಫ್‌ಎಕ್ಸ್‌ಆರ್ ಎಂಬ, ಪಿತ್ತಾಮ್ಲವನ್ನು ಗುರುತಿಸುವ ಗ್ರಾಹಕವಿಲ್ಲದ ಇಲಿಗಳಲ್ಲಿ, ಕರುಳನ್ನೇ ಮುಟ್ಟದ ಸ್ಲೀವ್‌ನ ಪರಿಣಾಮವೂ ಕುಗ್ಗುತ್ತದೆ ಎಂದು 2014ರಲ್ಲಿ ಕಂಡುಬಂದಿತು. ಅಂದರೆ ಪಿತ್ತಾಮ್ಲಗಳ ಪಾತ್ರ ನಿಜವಾದದ್ದು, ಆದರೆ ಅದು ಬೈಪಾಸ್‌ಗೆ ಮಾತ್ರ ಮೀಸಲಲ್ಲ, ಏಕೈಕ ಕಾರಣವೂ ಅಲ್ಲ.

ಮಿನಿ ಬೈಪಾಸ್ ಎಂದು ಕರೆಯುವ ಒಂದೇ ಜೋಡಣೆಯ ಬೈಪಾಸನ್ನು 1997ರಲ್ಲಿ ಅಮೆರಿಕದ ರಾಬರ್ಟ್ ರಟ್ಲೆಡ್ಜ್ ಆರಂಭಿಸಿದರು. ಭಾರತದಲ್ಲಿ ಇದು ಬಹಳ ಜನಪ್ರಿಯವಾಗಿರುವುದರಿಂದ ಇದನ್ನು ಹೆಚ್ಚು ಗಮನವಿಟ್ಟು ನೋಡಬೇಕು. ಜಠರವನ್ನು ಉದ್ದನೆಯ ಕೊಳವೆಯಂತೆ ಮಾಡಿ, ಕರುಳಿನ ಮೊದಲ 150ರಿಂದ 200 ಸೆಂಟಿಮೀಟರ್ ಬಿಟ್ಟು ಮುಂದಿನ ಭಾಗವನ್ನು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ಜೋಡಣೆ ಒಂದೇ ಆದ್ದರಿಂದ ಶಸ್ತ್ರಚಿಕಿತ್ಸೆಯ ಸಮಯ ಕಡಿಮೆ, ಮತ್ತು ಅಗತ್ಯ ಬಿದ್ದರೆ ಬದಲಿಸುವುದೂ ಹೋಲಿಕೆಯಲ್ಲಿ ಸುಲಭ. ಆದರೆ ಇಲ್ಲಿ ಪಿತ್ತರಸವೆಲ್ಲವೂ ಜಠರದ ಜೋಡಣೆಯ ಮುಂದೆಯೇ ಹಾದುಹೋಗಬೇಕು, ಹಾಗಾಗಿ ಅದು ಜಠರಕ್ಕೆ, ಕೆಲವೊಮ್ಮೆ ಅನ್ನನಾಳಕ್ಕೂ ಮೇಲೇರುವ ಸಾಧ್ಯತೆ ಇರುತ್ತದೆ. ಈ ಉರಿಯನ್ನು ಆಮ್ಲ ತಗ್ಗಿಸುವ ಮಾತ್ರೆಗಳು ಪೂರ್ತಿಯಾಗಿ ಶಮನಗೊಳಿಸುವುದಿಲ್ಲ, ಏಕೆಂದರೆ ಇಲ್ಲಿ ಮೇಲೇರುವುದು ಆಮ್ಲವಲ್ಲ. ತೊಂದರೆ ಹೆಚ್ಚಾದವರಿಗೆ ಇದನ್ನೇ ರೂ-ಎನ್-ವೈ ಆಗಿ ಬದಲಿಸಬೇಕಾಗುತ್ತದೆ. ದೀರ್ಘಕಾಲದಲ್ಲಿ ಪಿತ್ತರಸದ ಸಂಪರ್ಕ ಜಠರ ಮತ್ತು ಅನ್ನನಾಳದ ಒಳಪದರಕ್ಕೆ ಏನು ಮಾಡುತ್ತದೆ ಎಂಬ ಚರ್ಚೆ ಶಸ್ತ್ರವೈದ್ಯರಲ್ಲಿ ಇನ್ನೂ ಮುಗಿದಿಲ್ಲ.

ಫ್ರಾನ್ಸಿನಲ್ಲಿ 253 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಯೊಮೇಗಾ ಅಧ್ಯಯನ ಈ ಎರಡು ಬೈಪಾಸ್‌ಗಳನ್ನು ಚೀಟಿ ಎತ್ತಿದಂತೆ ಹಂಚಿ ಹೋಲಿಸಿತು. ಎರಡು ವರ್ಷಗಳಲ್ಲಿ ಮಿನಿ ಬೈಪಾಸ್‌ನ ತೂಕ ಇಳಿಕೆ ರೂ-ಎನ್-ವೈಗಿಂತ ಕಡಿಮೆಯಾಗಿರಲಿಲ್ಲ. ಆದರೆ 200 ಸೆಂಟಿಮೀಟರ್ ಕರುಳನ್ನು ಬಿಟ್ಟಿದ್ದ ಮಿನಿ ಬೈಪಾಸ್ ಗುಂಪಿನಲ್ಲಿ ಭೇದಿ, ಕೊಬ್ಬು ತುಂಬಿದ ಮಲ ಮತ್ತು ಪೌಷ್ಟಿಕಾಂಶದ ಕೊರತೆಗಳು ಹೆಚ್ಚಾಗಿ ಕಂಡವು. ಆ ಬಳಿಕ ಅನೇಕ ಶಸ್ತ್ರವೈದ್ಯರು 150 ಸೆಂಟಿಮೀಟರಿನ ಕಡೆಗೆ ಸರಿದಿದ್ದಾರೆ. ಮನುಷ್ಯರ ಸಣ್ಣ ಕರುಳಿನ ಉದ್ದ ಒಬ್ಬರಿಂದೊಬ್ಬರಿಗೆ ಮೀಟರುಗಟ್ಟಲೆ ಬದಲಾಗುತ್ತದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಎಂಟು ಮೀಟರ್ ಕರುಳಿರುವವರಲ್ಲಿ 200 ಸೆಂಟಿಮೀಟರ್ ಬಿಡುವುದೂ, ನಾಲ್ಕು ಮೀಟರ್ ಇರುವವರಲ್ಲಿ ಅಷ್ಟೇ ಬಿಡುವುದೂ ಒಂದೇ ಆಗಲಾರದು. ಎಷ್ಟು ಬಿಟ್ಟರು ಎನ್ನುವುದಕ್ಕಿಂತ ಎಷ್ಟು ಉಳಿಯಿತು ಎನ್ನುವುದೇ ಮುಖ್ಯ. ಕನಿಷ್ಠ ಮೂರು ಮೀಟರ್ ಉಳಿಯಲೇಬೇಕೆಂದು ಪೂರ್ತಿ ಕರುಳನ್ನು ಅಳೆಯುವ ವೈದ್ಯರ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ.

ಡುಯೊಡಿನಲ್ ಸ್ವಿಚ್ ಇವೆಲ್ಲಕ್ಕಿಂತ ಬಲವಾದದ್ದು. ಇಟಲಿಯ ಜಿನೋವಾದಲ್ಲಿ ನಿಕೋಲಾ ಸ್ಕೊಪಿನಾರೊ 1970ರ ದಶಕದ ಕೊನೆಯಲ್ಲಿ ರೂಪಿಸಿದ, ಸಾಮಾನ್ಯ ನಾಳವನ್ನು 50 ಸೆಂಟಿಮೀಟರಿಗೆ ಇಳಿಸಿದ ವಿಧಾನ ಇದರ ಪೂರ್ವರೂಪ; ಸ್ವಿಚ್‌ನಲ್ಲಿ ಆ ಉದ್ದವನ್ನು ಸುಮಾರು 100 ಸೆಂಟಿಮೀಟರಿಗೆ ಹೆಚ್ಚಿಸಲಾಯಿತು. ಊಟವೂ ಪಿತ್ತರಸವೂ ಕೊನೆಯ ಒಂದು ಮೀಟರಿನಲ್ಲಿ ಮಾತ್ರ ಸೇರುವುದರಿಂದ ಕೊಬ್ಬಿನ ಬಹುಪಾಲು ಜೀರ್ಣವಾಗುವುದಿಲ್ಲ. ತೂಕ ಇಳಿಕೆಯಲ್ಲಿಯೂ ಸಕ್ಕರೆ ಕಾಯಿಲೆಯ ಹತೋಟಿಯಲ್ಲಿಯೂ ಇದು ಮುಂದಿದೆ, ಪ್ರೋಟೀನ್ ಮತ್ತು ವಿಟಮಿನ್‌ಗಳ ಕೊರತೆಯಲ್ಲಿಯೂ ಮುಂದಿದೆ. ವಿಟಮಿನ್ ಎ ಕೊರತೆಯಿಂದ ಇರುಳುಗುರುಡು, ಡಿ ಮತ್ತು ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ಸವೆತ ಬರುವ ಸಂಭವವನ್ನು ಇದನ್ನು ಆರಿಸುವವರು ಜೀವನಪೂರ್ತಿ ಎದುರಿಗಿಟ್ಟುಕೊಂಡಿರಬೇಕು. 2007ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಆರಂಭವಾದ ಸ್ಯಾಡಿ ಇದರ ಸರಳ ರೂಪ: ಜೋಡಣೆ ಒಂದೇ, ಸಾಮಾನ್ಯ ನಾಳ ಈಗ 250ರಿಂದ 300 ಸೆಂಟಿಮೀಟರ್. ಜಠರದ ಕೆಳಬಾಯಿಯ ಕವಾಟ ಉಳಿಯುವುದರಿಂದ ಮಿನಿ ಬೈಪಾಸ್‌ಗಿಂತ ಇಲ್ಲಿ ಪಿತ್ತರಸ ಮೇಲೇರುವುದು ಕಡಿಮೆ.

ಭೇದಿ, ಕಲ್ಲು ಮತ್ತು ಊಟದ ತಟ್ಟೆ

ಬೈಪಾಸ್ ನಂತರದ ಭೇದಿಯೆಲ್ಲವೂ ಒಂದೇ ಬಗೆಯದಲ್ಲ, ಮತ್ತು ಈ ವ್ಯತ್ಯಾಸವನ್ನು ಗುರುತಿಸದೆ ಔಷಧ ಕೊಟ್ಟರೆ ತೊಂದರೆ ಹೆಚ್ಚಬಹುದು. ಇಲಿಯಂ ಸ್ವಲ್ಪ ಮಾತ್ರ ತಪ್ಪಿದಾಗ ಹೆಚ್ಚುವರಿ ಪಿತ್ತಾಮ್ಲ ದೊಡ್ಡ ಕರುಳನ್ನು ಕೆರಳಿಸಿ ನೀರಾದ ಭೇದಿಯಾಗುತ್ತದೆ. ಯಕೃತ್ತು ಹೆಚ್ಚು ತಯಾರಿಸಿ ನಷ್ಟವನ್ನು ತುಂಬಿಕೊಳ್ಳುವುದರಿಂದ ಕೊಬ್ಬಿನ ಜೀರ್ಣ ಕೆಡುವುದಿಲ್ಲ. ಇಂಥವರಿಗೆ ಪಿತ್ತಾಮ್ಲವನ್ನು ಹಿಡಿದಿಡುವ ಕೊಲೆಸ್ಟಿರಮಿನ್ ಪುಡಿ ಗುಣ ಕೊಡುತ್ತದೆ. ಒಂದು ಮೀಟರಿಗಿಂತ ಹೆಚ್ಚು ಇಲಿಯಂ ಇಲ್ಲವಾದಾಗ ಯಕೃತ್ತಿನ ತಯಾರಿಕೆ ಸಾಲದೆ ಪಿತ್ತಾಮ್ಲವೇ ಕೊರತೆಯಾಗಿ, ಮಲ ಜಿಡ್ಡಾಗಿ, ದುರ್ವಾಸನೆಯಿಂದ ಕೂಡಿ, ನೀರಿನ ಮೇಲೆ ತೇಲುತ್ತದೆ. ಇಂಥವರಿಗೆ ಅದೇ ಪುಡಿ ಇದ್ದ ಪಿತ್ತಾಮ್ಲವನ್ನೂ ಕಸಿದು ಸ್ಥಿತಿಯನ್ನು ಕೆಡಿಸುತ್ತದೆ. ಹೊಟ್ಟೆ ಉಬ್ಬರ ಮತ್ತು ವಾಯುವೇ ಪ್ರಧಾನವಾಗಿದ್ದರೆ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿರಬಹುದು. ಅವು ಪಿತ್ತಾಮ್ಲಕ್ಕೆ ಅಂಟಿದ ಗ್ಲೈಸಿನ್, ಟಾರಿನ್‌ಗಳನ್ನು ಬಿಡಿಸಿ ಅದನ್ನು ನಿಷ್ಪ್ರಯೋಜಕಗೊಳಿಸುತ್ತವೆ, ಆಗ ಬೇಕಾಗುವುದು ಪ್ರತಿಜೀವಕ ಔಷಧ. ಕೊಲೆಸ್ಟಿರಮಿನ್ ತೆಗೆದುಕೊಳ್ಳುವವರು ಥೈರಾಯ್ಡ್ ಮಾತ್ರೆಯನ್ನೂ ವಿಟಮಿನ್‌ಗಳನ್ನೂ ಅದರ ಜೊತೆ ನುಂಗಬಾರದು. ಒಂದು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆ ನಂತರ ತೆಗೆದುಕೊಳ್ಳಬೇಕು.

ಮೂತ್ರಪಿಂಡದ ಕಲ್ಲಿಗೂ ಪಿತ್ತಾಮ್ಲಕ್ಕೂ ಇರುವ ನಂಟು ಹೆಚ್ಚಿನವರಿಗೆ ಹೊಸದು. ಸಾಮಾನ್ಯವಾಗಿ ಕರುಳಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಸಾಗಿಸುತ್ತದೆ. ಕೊಬ್ಬು ಜೀರ್ಣವಾಗದೆ ಉಳಿದಾಗ ಕ್ಯಾಲ್ಸಿಯಂ ಕೊಬ್ಬಿನಾಮ್ಲಕ್ಕೆ ಅಂಟಿಕೊಳ್ಳುತ್ತದೆ, ಆಕ್ಸಲೇಟ್ ಬಿಡಿಯಾಗಿ ರಕ್ತಕ್ಕೆ ಸೇರುತ್ತದೆ, ದೊಡ್ಡ ಕರುಳಿಗೆ ಬಂದ ಪಿತ್ತಾಮ್ಲ ಅದಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ. ನಮ್ಮ ಅಡುಗೆಯಲ್ಲಿ ಪಾಲಕ್, ಹರಿವೆ, ಬಸಳೆ, ಕೆಸುವಿನ ಎಲೆ, ಕಡಲೆಕಾಯಿ, ಎಳ್ಳು ಇವೆಲ್ಲ ಆಕ್ಸಲೇಟ್ ಹೆಚ್ಚಿರುವ ಪದಾರ್ಥಗಳು. ಬೈಪಾಸ್ ಆದವರು, ಅದರಲ್ಲೂ ಮೊದಲೇ ಕಲ್ಲಿನ ಇತಿಹಾಸವಿರುವವರು, ಇವುಗಳನ್ನು ಮಿತಗೊಳಿಸಿ, ತಿಂದಾಗ ಜೊತೆಗೆ ಮೊಸರು ಇಟ್ಟುಕೊಂಡು, ನೀರು ಹೆಚ್ಚು ಕುಡಿಯಬೇಕು. ಕಲ್ಲಿನ ಭಯದಿಂದ ಕ್ಯಾಲ್ಸಿಯಂ ಬಿಡುವುದು ತಪ್ಪು. ಊಟದ ಜೊತೆಗಿನ ಕ್ಯಾಲ್ಸಿಯಂ ಕಲ್ಲನ್ನು ತಡೆಯುತ್ತದೆ. ಜಠರದ ಆಮ್ಲ ಕಡಿಮೆಯಾಗಿರುವುದರಿಂದ ಕಾರ್ಬೊನೇಟ್‌ಗಿಂತ ಸಿಟ್ರೇಟ್ ರೂಪ ಉತ್ತಮ. ಸ್ಲೀವ್ ಮತ್ತು ರೂ-ಎನ್-ವೈ ಆದವರಿಗೆ ದಿನಕ್ಕೆ 1200ರಿಂದ 1500 ಮಿಲಿಗ್ರಾಂ, ಸ್ವಿಚ್ ಆದವರಿಗೆ 1800ರಿಂದ 2400 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ.

ಪಿತ್ತಕೋಶದ ಕಲ್ಲು ತೂಕ ಬೇಗ ಇಳಿದಾಗ ಯಾವ ವಿಧಾನದಲ್ಲಾದರೂ ಬರಬಹುದು, ಏಕೆಂದರೆ ಆಗ ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಕರಗುವ ಮಿತಿಯನ್ನು ಮೀರುತ್ತದೆ. ಸ್ವತಃ ಒಂದು ಪಿತ್ತಾಮ್ಲವಾದ ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆಯನ್ನು ಆರು ತಿಂಗಳು ಕೊಡುವುದರಿಂದ ಈ ಸಂಭವ ಕಡಿಮೆಯಾಗುತ್ತದೆ. ಆಯ್ಕೆಯ ದೃಷ್ಟಿಯಿಂದ ಇಲ್ಲಿ ಒಂದು ವ್ಯತ್ಯಾಸವಿದೆ: ಕಲ್ಲು ಪಿತ್ತನಾಳಕ್ಕೆ ಜಾರಿದರೆ ಸ್ಲೀವ್ ಆದವರಲ್ಲಿ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಇಆರ್‌ಸಿಪಿ ವಿಧಾನದಿಂದ ತೆಗೆಯಬಹುದು. ರೂ-ಎನ್-ವೈ ಅಥವಾ ಸ್ವಿಚ್ ಆದವರಲ್ಲಿ ಆ ದಾರಿ ಉದ್ದವೂ ಸುತ್ತುಬಳಸಿನದೂ ಆಗಿರುವುದರಿಂದ ಬೇರೆ ಉಪಾಯ ಮಾಡಬೇಕಾಗುತ್ತದೆ. ಈಗಾಗಲೇ ನೋವು ಕೊಡುವ ಕಲ್ಲುಗಳಿದ್ದರೆ ಪಿತ್ತಕೋಶವನ್ನು ಬೈಪಾಸ್ ಜೊತೆಗೇ ತೆಗೆಸುವ ವಿಚಾರವನ್ನು ಮೊದಲೇ ಮಾತಾಡಿಕೊಳ್ಳಬೇಕು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಕಷ್ಟ ಹೆಚ್ಚು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನನ್ನು ಅನ್ನ, ಸಾರುಗಳಿಂದ ಪಡೆಯುವುದು ಅಸಾಧ್ಯ. ಮೊಸರು, ಪನೀರ್, ಮೊಳಕೆಕಾಳು, ಸೋಯಾ ಮತ್ತು ಪ್ರೋಟೀನ್ ಪುಡಿಯ ನೆರವು ಬೇಕಾಗುತ್ತದೆ. ಬಿ12 ಮೊದಲೇ ಕಡಿಮೆ ಇರುವವರಲ್ಲಿ ಶಸ್ತ್ರಚಿಕಿತ್ಸೆ ಅದನ್ನು ಇನ್ನಷ್ಟು ಇಳಿಸುತ್ತದೆ. ಬೈಪಾಸ್‌ಗಳಲ್ಲಿ ಕಬ್ಬಿಣ ಹೀರಿಕೊಳ್ಳುವ ಡುಯೊಡಿನಂ ದಾರಿಯಿಂದ ತಪ್ಪುವುದರಿಂದ, ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬೇಗ ಕಾಣುತ್ತದೆ. ಮುದ್ದೆ ಉಣ್ಣುವ ಮನೆಗಳಿಗೆ ಒಂದು ಮಾತು: ರಾಗಿಯಲ್ಲಿ ಕ್ಯಾಲ್ಸಿಯಂ ಇರುವುದು ನಿಜ, ಆದರೆ ಸಣ್ಣ ಚೀಲಕ್ಕೆ ಹಿಡಿಸುವಷ್ಟು ಮುದ್ದೆಯಿಂದ ಅದು ಸಾಲದು, ಮತ್ತು ಅಗಿಯದೆ ನುಂಗುವ ಅಭ್ಯಾಸ ಕಿರಿದಾದ ಜೋಡಣೆಯಲ್ಲಿ ತುತ್ತು ಸಿಕ್ಕಿಕೊಳ್ಳಲು ಕಾರಣವಾಗಬಹುದು. ರಾಗಿ ಅಂಬಲಿ ಹೆಚ್ಚು ಸುರಕ್ಷಿತ.

ಯಾರಿಗೆ ಯಾವುದು

2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೇರಿಯಾಟ್ರಿಕ್ ಸಂಘಟನೆಗಳು ಏಷ್ಯಾದ ಜನರಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಹೇಳಿದವು. ಇದರ ಅರ್ಥ, ನಮ್ಮಲ್ಲಿ ಅಷ್ಟೇನೂ ದಪ್ಪವಲ್ಲದವರೂ ಸಕ್ಕರೆ ಕಾಯಿಲೆಗಾಗಿ ಆಪರೇಷನ್ ಮೇಜಿನ ಮೇಲೆ ಮಲಗುತ್ತಾರೆ. ಅಂಥವರಿಗೆ ಉದ್ದ ಕರುಳನ್ನು ಬಿಡುವ ವಿಧಾನವನ್ನು ಹೇಳುವುದು ಸರಿಯಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಕಳೆದುಕೊಳ್ಳಲು ಹೆಚ್ಚು ತೂಕವಿಲ್ಲದವರಲ್ಲಿ ಕೊಬ್ಬಿನ ಜೊತೆ ಪ್ರೋಟೀನೂ ಹೋಗುತ್ತದೆ. ಎದೆಯುರಿ ಇಲ್ಲದವರಿಗೆ, ವರ್ಷವರ್ಷವೂ ತಪಾಸಣೆಗೆ ಬರಲಾಗದ ಹಳ್ಳಿಗಳವರಿಗೆ, ಸ್ಲೀವ್ ಸಾಕು. ಎದೆಯುರಿ ಇದ್ದವರಿಗೆ, ಹಲವು ವರ್ಷಗಳ ಸಕ್ಕರೆ ಕಾಯಿಲೆ ಇದ್ದವರಿಗೆ ರೂ-ಎನ್-ವೈ. ಅದೇ ಪರಿಸ್ಥಿತಿಯಲ್ಲಿ ಎದೆಯುರಿ ಇಲ್ಲದಿದ್ದು, ವೈದ್ಯರು ಪೂರ್ತಿ ಕರುಳನ್ನು ಅಳೆದು, ಬಿಡುವ ಉದ್ದವನ್ನು 150 ಸೆಂಟಿಮೀಟರಿಗೆ ಮಿತಿಗೊಳಿಸುವುದಾದರೆ ಮಿನಿ ಬೈಪಾಸ್ ಒಪ್ಪಬಹುದಾದದ್ದು. ಸ್ವಿಚ್ ಮತ್ತು ಸ್ಯಾಡಿ, ಬಿಎಂಐ ಐವತ್ತರ ಆಸುಪಾಸಿನಲ್ಲಿದ್ದು, ದಿನದ ಹಲವು ಮಾತ್ರೆಗಳನ್ನೂ ರಕ್ತಪರೀಕ್ಷೆಗಳ ವೆಚ್ಚವನ್ನೂ ಜೀವನಪೂರ್ತಿ ಹೊರಬಲ್ಲವರಿಗೆ ಮಾತ್ರ. ಮೂತ್ರಪಿಂಡದ ಕಲ್ಲು ಪದೇಪದೇ ಆಗುವವರು, ಇಲಿಯಂನಲ್ಲಿ ಕ್ರೋನ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇರುವವರು ಕರುಳು ಬಿಡುವ ವಿಧಾನಗಳಿಂದ ದೂರವಿರುವುದು ಲೇಸು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಯಾವ ಶಸ್ತ್ರಚಿಕಿತ್ಸೆಯಾದರೂ ನಂತರ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ಪಿತ್ತರಸದ ದಾರಿಯನ್ನು ಬದಲಿಸದ ಆಯ್ಕೆಯಾಗಿ ಈಗ ಇದೆ. ಪಿತ್ತಕೋಶದ ಕಲ್ಲಿನ ಸಂಭವ ಅದರಲ್ಲಿಯೂ ಉಂಟು.

ವೈದ್ಯರನ್ನು ಭೇಟಿಯಾದಾಗ, ನನ್ನ ಪಿತ್ತರಸ ಊಟವನ್ನು ಎಷ್ಟು ದೂರದಲ್ಲಿ ಸೇರುತ್ತದೆ, ಆ ಮೇಲೆ ಎಷ್ಟು ಕರುಳು ಉಳಿಯುತ್ತದೆ, ಅದನ್ನು ಅಳೆಯುತ್ತೀರಾ ಅಥವಾ ಅಂದಾಜಿಸುತ್ತೀರಾ ಎಂದು ನೇರವಾಗಿ ಕೇಳಿ. ಶಸ್ತ್ರಚಿಕಿತ್ಸೆಯಾದ ಮೇಲೆ ಪ್ರತಿಯೊಂದು ಕವಲಿನ ಉದ್ದವನ್ನು ಸೆಂಟಿಮೀಟರಿನಲ್ಲಿ ಬರೆದಿರುವ ಆಪರೇಷನ್ ಟಿಪ್ಪಣಿಯ ಪ್ರತಿಯನ್ನು ಡಿಸ್ಚಾರ್ಜ್ ಕಾಗದಗಳ ಜೊತೆ ಕೇಳಿ ಪಡೆಯಿರಿ. ಹತ್ತು ವರ್ಷಗಳ ನಂತರ ಬೇರೆ ಊರಿನಲ್ಲಿ ಭೇದಿಯೋ ಕಾಮಾಲೆಯೋ ಬಂದಾಗ ಅಲ್ಲಿನ ವೈದ್ಯರಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವುದು ಆ ಅಂಕಿಗಳೇ.